ಗಂಟೆಯಮ್ಮನ ಮೇಲಿನ ಸ

ಗಂಟೆಯಮ್ಮ ಎಂದು ಅವಳಿಗೆ ಹೆಸರಿಟ್ಟವನು ರೇಡಿಯೋ ಸ್ಟೇಷನ್ನಿನ ರೆಕಾರ್ಡಿಂಗ್‌ನವನು. ಹದಿನೆಂಟು ವರ್ಷದ ಹಿಂದೆ ಅವಳು ಅಲ್ಲಿ ಕಾಯಂ ಗಾಯಕಿಯಾಗಿ ಸೇರಿದ ಮೊದಲ ವಾರ. ಹಾಡುತ್ತ ಹಾಡುತ್ತ ಸರಿಗಮಪದನಿ ದಾಟಿ ಮೇಲಿನ ಸ ಮುಟ್ಟಿದಳು ನೋಡಿ, ಅವನ ಯಂತ್ರದ ಮುಳ್ಳು ಕೆಂಪು ಗೆರೆ ದಾಟಿ ನಿಂತುಬಿಟ್ಟಿತು. "ಏನಕ್ಕಾ, ಗಂಟ್ಲಲ್ಲಿ ಗಂಟೆ ಕಟ್ಕೊಂಡಿದ್ದೀರಾ?" ಎಂದು ಕೇಳಿದ. ಅಂದಿನಿಂದ ಗೇಟಿನ ಕಾವಲುಗಾರನಿಂದ ಹಿಡಿದು ಡೈರೆಕ್ಟರ್ ತನಕ ಎಲ್ಲರ ಬಾಯಲ್ಲೂ ಅವಳು ಗಂಟೆಯಮ್ಮನೇ.

ಆ ಗಂಟೆ ಹದಿನಾಲ್ಕು ವರ್ಷ ಮೊಳಗಿತು. ಬೆಳಿಗ್ಗೆ ಸ್ಟೇಷನ್ನು, ಸಂಜೆ ಗಂಡನ ಕನ್ನಡಕದ ಅಂಗಡಿಯ ಮೇಲಿನ ಕೋಣೆಯಲ್ಲಿ ಪಾಠ, ವಾರಕ್ಕೊಂದು ಎರಡು ಕಛೇರಿ. ನೆಗಡಿಯಾದರೂ ಹಾಡಿದಳು, ಜ್ವರ ಬಂದರೂ ಹಾಡಿದಳು. ಗಂಟಲೂ ಮೈಯೊಳಗಿನದೇ ತಾನೇ, ದಣಿಯದೆ ಇರುತ್ತದೆಯೇ? ಒಂದು ದಿನ ಮೇಲಿನ ಸ ಮುಟ್ಟಲು ಹೋದರೆ ಸ್ವರದ ಬದಲು ಬರೀ ಗಾಳಿ ಬಂತು. ಮರುದಿನವೂ ಗಾಳಿ. ಡಾಕ್ಟರು ಗಂಟಲೊಳಗೆ ಕನ್ನಡಿ ಇಳಿಸಿ ನೋಡಿ, "ಗಂಟು ಕಟ್ಟಿದೆ. ಆರು ತಿಂಗಳು ಮಾತೂ ಬೇಡ, ಹಾಡೂ ಬೇಡ" ಎಂದರು.

"ಆರು ತಿಂಗ್ಳು ನೀನು ಸುಮ್ನಿದ್ರೆ ನಾನೇ ಡಾಕ್ಟ್ರಿಗೆ ಕೈ ಮುಗೀತೀನಿ" ಎಂದು ಗಂಡ ನಗಿಸಲು ನೋಡಿದ. ಪಾಪ, ಒಳ್ಳೆಯವನು. ಆದರೆ ಅವನ ಕಿವಿಗೆ ಹೆಂಡತಿಯ ಸ್ವರವೂ ಒಂದೇ, ಕುಕ್ಕರಿನ ಸಿಳ್ಳೆಯೂ ಒಂದೇ. ಅವಳು ನಗಲಿಲ್ಲ. ಆರು ತಿಂಗಳು ಬಾಯಿಗೆ ಬೀಗ ಹಾಕಿ ಕೂತರೆ ಗಂಟೆಯಮ್ಮನ ಕಥೆ ಮುಗಿಯಿತು ಅಂತ ಊರೆಲ್ಲ ಗುಸುಗುಸು ಎನ್ನುವುದಿಲ್ಲವೇ? ಯಾರಿಗೂ ತಿಳಿಯಬಾರದು ಎಂದು ಗಂಡನಿಂದ ಆಣೆ ಮಾಡಿಸಿಕೊಂಡಳು. ಮನೆ ಕಡೆ ತಾಪತ್ರಯ ಅಂತ ಬರೆದುಕೊಟ್ಟು ಸ್ಟೇಷನ್ನಿನ ಕೆಲಸ ಬಿಟ್ಟಳು. ಪಾಠ ಮಾತ್ರ ಬಿಡಲಿಲ್ಲ. ಅದನ್ನೂ ಬಿಟ್ಟರೆ ತಾನು ಯಾರು ಎಂದು ಕನ್ನಡಿಯೆದುರು ನಿಂತು ಕೇಳಿಕೊಳ್ಳಬೇಕಾಗುತ್ತಿತ್ತು. ಆ ಧೈರ್ಯ ಅವಳಿಗಿರಲಿಲ್ಲ.

ಮೊದಲು ಮೇಲಿನ ಸ ಎಟುಕಲೆಂದು ಶ್ರುತಿಪೆಟ್ಟಿಗೆಯ ಗುಂಡಿ ತಿರುಗಿಸಿ ಶ್ರುತಿಯನ್ನು ಅರ್ಧ ಮೆಟ್ಟಿಲು ಇಳಿಸಿದಳು. ಆಮೇಲೆ ಇನ್ನರ್ಧ. ಇಳಿಸುತ್ತ ಹೋದರೆ ಕೆಳಗಿನ ಸ್ವರಗಳು ಕೈಬಿಡತೊಡಗಿದವು. ಆಗ ಒಂದು ಉಪಾಯ ಹೂಡಿದಳು. ಸಾಲು ಮೇಲೇರುತ್ತ ಇನ್ನೇನು ಸ ಬರಬೇಕು ಅನ್ನುವಾಗ ಒಂದು ಉಸಿರು ಎಳೆದುಕೊಂಡು, ಕಣ್ಣು ಮುಚ್ಚಿ, ಗಲ್ಲವನ್ನು ಎದೆಗೆ ತಾಗಿಸಿ, ಆ ಅಕ್ಷರವನ್ನು ಬಾಯೊಳಗೇ ನುಂಗಿಬಿಡುವುದು. ಒಂದು ಸಣ್ಣ ಸಭೆಯಲ್ಲಿ ಹಾಗೆ ಹಾಡಿದಾಗ ಮುಂದಿನ ಸಾಲಿನ ಹೆಂಗಸರು ಕಣ್ಣೊರೆಸಿಕೊಂಡರು. ಎಂಥಾ ಭಾವ, ಎಂಥಾ ಭಾವ! ಎದ್ದು ಹೋಗಿ ಅವರಿಗೆ ಬೈದುಬಿಡೋಣ ಅನ್ನಿಸಿತು ಗಂಟೆಯಮ್ಮನಿಗೆ.

ಪಾಠಕ್ಕೆ ಬರುತ್ತಿದ್ದವರು ಎಂಟು ಮಂದಿ. ಅವಳ ಪಾಠದಲ್ಲಿ ಪುಸ್ತಕವಿಲ್ಲ, ಬರೆದುಕೊಳ್ಳುವುದೂ ಇಲ್ಲ. ಅವಳು ಒಂದು ಸಾಲು ಹಾಡಬೇಕು, ಎಂಟೂ ಮಂದಿ ಅದನ್ನು ಕೂದಲೆಳೆಯಷ್ಟೂ ಆಚೀಚೆ ಆಗದಂತೆ ತಿರುಗಿ ಒಪ್ಪಿಸಬೇಕು. ಅವಳ ಗುರುಗಳೂ ಹಾಗೇ ಕಲಿಸಿದ್ದು. ಹೀಗಾಗಿ ಹೊಸ ಉಪಾಯ ಶುರುವಾದ ವಾರವೇ ಎಂಟು ಗಲ್ಲಗಳೂ ಒಟ್ಟಿಗೇ ಬಗ್ಗಿದವು. ಅವಳು ನೋಡಿದಳು. ಆದರೂ ತಿದ್ದಲಿಲ್ಲ.

ಎಂಟರಲ್ಲಿ ಏಳು ಹೇಗೋ ನಡೆಯುತ್ತದೆ ಅನ್ನುವಂಥವು. ಎಂಟನೆಯವಳು ಎದುರು ಬೀದಿಯ ದರ್ಜಿಯ ಮಗಳು. ಬಾಯಲ್ಲಿ ಬೆರಳಿಟ್ಟರೂ ಕಚ್ಚದಂಥ ಹುಡುಗಿ, ಆದರೆ ಹಾಡಲು ಕೂತರೆ ಕೋಣೆಯ ಕಿಟಕಿ ಗಾಜು ಗುಂಯ್‌ಗುಡುತ್ತಿತ್ತು. ಆಗ ಅವಳಿಗೆ ಹದಿನೇಳು. ಒಂದು ಸಂಜೆ ಅದೇ ಸಾಲು ಬಂದಾಗ ಮೈಮರೆತು ಗಲ್ಲ ಎತ್ತಿದವಳೇ ಮೇಲಿನ ಸ ಹಿಡಿದು ನಿಂತಳು. ತುಂಬು ಸ್ವರ, ನೆಟ್ಟಗೆ, ಒಂದು ಚೂರೂ ಅಲುಗಾಡದೆ. ಕೆಳಗಿನ ಅಂಗಡಿಯಲ್ಲಿ ಕಣ್ಣು ಪರೀಕ್ಷೆಗೆ ಕೂತಿದ್ದ ಗಿರಾಕಿ ಅಕ್ಷರ ಓದುವುದನ್ನು ಬಿಟ್ಟು ತಲೆಯೆತ್ತಿದನಂತೆ.

ಗಂಟೆಯಮ್ಮನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಮುಚ್ಚಿಡುವುದೇಕೆ, ಅದು ಹೊಟ್ಟೆಕಿಚ್ಚೇ. ತನ್ನ ಸ್ವರ ಇನ್ನೊಬ್ಬಳ ಬಾಯಲ್ಲಿ ಕೂತು ತನ್ನನ್ನೇ ಅಣಕಿಸಿದ ಹಾಗಾಯಿತು.

"ಏನೇ ಅದು, ತರಕಾರಿ ಮಾರೋರ ಹಾಗೆ ಕೂಗೋದು?" ಎಂದಳು. "ಅಲ್ಲಿ ಕೂಗ್ಬಾರ್ದು. ತಲೆ ಬಗ್ಗಿಸಿ ಬಿಟ್ಬಿಡ್ಬೇಕು. ನಮ್ಮ ಪಾಠದಲ್ಲಿ ಹಾಗೇ. ಬೇಡ ಅಂದ್ರೆ ಬೇರೆ ಕಡೆ ಹೋಗು."

ಹುಡುಗಿಯ ಮುಖ ಸಣ್ಣದಾಯಿತು. "ತಪ್ಪಾಯ್ತು ಟೀಚರ್" ಎಂದಳು. ಆ ಸ್ವರ ಆ ಕೋಣೆಯಲ್ಲಿ ಮತ್ತೆ ಕೇಳಲಿಲ್ಲ. ನಾಲ್ಕು ವರ್ಷ ಕೇಳಲಿಲ್ಲ.

ಈಗ ಹದಿನೈದು ದಿನದ ಹಿಂದೆ ರೆಕಾರ್ಡಿಂಗ್‌ನವನ ಫೋನು ಬಂತು. "ಅಕ್ಕಾ, ನಿಮ್ಮ ಜಾಗ ಇನ್ನೂ ಖಾಲೀನೇ ಇತ್ತು. ಈ ಸಲ ತುಂಬ್ತಾರೆ, ಹದಿನೈದು ದಿನಕ್ಕೆ ಆಡಿಷನ್ನು. ಒಂದೇ ಜಾಗ. ನಿಮ್ಮವರು ಯಾರಾದ್ರೂ ಇದ್ರೆ ಕಳ್ಸಿ."

ನಿಮ್ಮವರು ಎಂದರೆ ದರ್ಜಿಯ ಮಗಳಲ್ಲದೆ ಇನ್ಯಾರು? ದರ್ಜಿಗೆ ಕೈನಡುಕ ಶುರುವಾಗಿತ್ತು. ಮುಂದಿನ ತಿಂಗಳಿನಿಂದ ಮಗಳನ್ನೇ ಹೊಲಿಗೆ ಯಂತ್ರದ ಮುಂದೆ ಕೂರಿಸುವವನಿದ್ದ. ಒಮ್ಮೆ ಕೂತಳೆಂದರೆ ಹಾಡು ಅಲ್ಲಿಗೆ ಮುಗಿಯಿತು. ಇದೊಂದು ಸಿಕ್ಕಿದರೆ ಹುಡುಗಿಯ ಬದುಕು ನೆಟ್ಟಗಾಗುತ್ತದೆ, ತಾನು ಮಾಡಿದ ಪಾಪವೂ ಒಂದಿಷ್ಟು ತೊಳೆದುಹೋಗುತ್ತದೆ ಅಂತ ಗಂಟೆಯಮ್ಮ ಒದ್ದಾಡಿದಳು. ಆದರೆ ರೇಡಿಯೋದವರೆದುರು ಮೇಲಿನ ಸ ನುಂಗಿದರೆ ಅವರೇನು ಕಣ್ಣೊರೆಸಿಕೊಳ್ಳುತ್ತಾರೆಯೇ? ಹುಡುಗಿಗೆ ನಿಜ ಹೇಳಲೇಬೇಕು.

ಹೇಳಲು ಹದಿನೈದು ದಿನವಿತ್ತು ರೀ! ಒಂದು ಮಾತು. ನನ್ನ ಗಂಟಲು ಕೆಟ್ಟಿದೆ, ನಾನು ಸುಳ್ಳು ಕಲಿಸಿದೆ, ನೀನು ಹಾಡು. ಇಷ್ಟೇ. ದಿನಾ ನಾಲಿಗೆಯ ತುದಿವರೆಗೆ ಬರುತ್ತಿತ್ತು, ದಿನಾ ನುಂಗುತ್ತಿದ್ದಳು. ನುಂಗುವುದು ಅಷ್ಟೊಂದು ಅಭ್ಯಾಸವಾಗಿಬಿಟ್ಟಿತ್ತು. ಕೊನೆಗೆ ಆಡಿಷನ್ನಿನ ಹಿಂದಿನ ದಿನ ಸಂಜೆ ಬಾಗಿಲ ಹತ್ತಿರ, ಹುಡುಗಿ ಚಪ್ಪಲಿ ಮೆಟ್ಟುವಾಗ, ಎಲ್ಲೋ ನೋಡುತ್ತ "ನಾಳೆ ಆ ಸಾಲಲ್ಲಿ ಬೇಕಿದ್ರೆ ಮೇಲೆ ಹೋಗು" ಎಂದಳು.

ದರ್ಜಿಯ ಮಗಳು ಒಂದು ಗಳಿಗೆ ಅವಳ ಮುಖವನ್ನೇ ನೋಡಿದಳು. "ನಮ್ಮ ಪಾಠದಲ್ಲಿ ಹಾಗಿಲ್ವಲ್ಲ ಟೀಚರ್."

"ಹೂಂ. ನಿನ್ನಿಷ್ಟ" ಎಂದಳು ಗಂಟೆಯಮ್ಮ. ಅಷ್ಟೇ ಆಗಿದ್ದು ಅವಳ ಕೈಯಲ್ಲಿ.

ಸ್ಟೇಷನ್ನಿನ ಹೊರ ಓಣಿಯಲ್ಲಿ ಉದ್ದನೆಯ ಬೆಂಚು. ಬಾಗಿಲ ಮೇಲೆ ಕೆಂಪು ದೀಪ. ಒಳಗೆ ಹಾಡುವುದು ಹೊರಗೆ ಕಾಯುವವರಿಗೂ ಕೇಳಲೆಂದು ಗೋಡೆಯಲ್ಲೊಂದು ಸ್ಪೀಕರು. ಹುಡುಗಿ ಒಳಗೆ ಹೋಗುವಾಗ ಒಮ್ಮೆ ತಿರುಗಿ ಟೀಚರನ್ನೂ ಸ್ಪೀಕರನ್ನೂ ನೋಡಿದಳು. ದೀಪ ಹತ್ತಿತು. ಹಾಡು ಶುರುವಾಯಿತು. ಚೆನ್ನಾಗಿಯೇ ಇತ್ತು, ಪಕ್ಕದಲ್ಲಿ ಕಾಯುತ್ತಿದ್ದ ಇನ್ನೊಬ್ಬ ಹುಡುಗಿ ತನ್ನ ಹಾಳೆ ಮಡಚಿಟ್ಟು ಕಿವಿಗೊಟ್ಟಳು. ಸಾಲು ಏರಿತು, ಏರಿತು. ಗಂಟೆಯಮ್ಮ ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹೋಗೇ ತಾಯಿ, ಹೋಗು ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

ಉಸಿರು ಎಳೆದುಕೊಂಡಿದ್ದು ಸ್ಪೀಕರಿನಲ್ಲಿ ಕೇಳಿಸಿತು. ಮುಂದಿನದು ಕೇಳಿಸಲಿಲ್ಲ.

"ಆ ಸಾಲು ಇನ್ನೊಮ್ಮೆ ಹಾಡಿ. ಮೇಲಿನ ಸ ಬಿಟ್ಟುಹೋಯ್ತು" ಎಂದಿತು ಒಳಗಿನ ಗಂಡಸಿನ ದನಿ. ಇನ್ನೊಮ್ಮೆ ಹಾಡಿದಳು. ಅದೇ ಉಸಿರು. "ಇನ್ನೊಂದೇ ಸಲ, ಗಾಬರಿ ಬೇಡ." ಮೂರನೆಯ ಸಲ ಸಾಲು ಮೇಲೇರಿ ಅಲ್ಲಿಗೆ ಬಂದು ಬರೀ ಗಾಳಿಯಾಯಿತು. "ಸಾಕಮ್ಮ. ಥ್ಯಾಂಕ್ಸ್." ದೀಪ ಆರಿತು.

ರೆಕಾರ್ಡಿಂಗ್‌ನವನು ಹೊರಗೆ ಬಂದ. ತಲೆ ಬೆಳ್ಳಗಾಗಿತ್ತು. ಅವಳ ಕಣ್ಣು ತಪ್ಪಿಸಿ ಗೋಡೆ ನೋಡುತ್ತ ನಿಂತ. "ಅಕ್ಕಾ, ಕೆಲ್ಸ ಬಿಡೋ ಮುಂಚೆ ಕೊನೇ ಸಲ ನೀವು ಹಾಡಿದ್ರಲ್ಲ, ಸ ಬದ್ಲು ಗಾಳಿ ಬಂದಿದ್ದು, ಆ ರೆಕಾರ್ಡು ಕೇಳಿದ ಹಾಗಾಯ್ತು" ಎಂದ. ಅವನಿಗೂ ಗೊತ್ತಿತ್ತು! ಗಂಟೆಯಮ್ಮನಿಗೆ ಕಾಲಡಿಯ ನೆಲ ಬಾಯ್ಬಿಡಬಾರದೇ ಅನ್ನಿಸಿತು.

ಹುಡುಗಿಯನ್ನು ಕರೆದುಕೊಂಡು ಬಸ್ ಸ್ಟಾಪಿಗೆ ಬಂದಳು. ಮಧ್ಯಾಹ್ನದ ಬಿಸಿಲು. ಅಲ್ಲಿ ಇನ್ನೂ ನಾಲ್ಕೈದು ಜನ ಇದ್ದರು. ಅವರೆದುರೇ, ನಿಂತಲ್ಲೇ, ಗಂಟೆಯಮ್ಮನ ಬಾಯಿಂದ ಆ ಮಾತು ಹೊರಬಿತ್ತು.

"ನನ್ನ ಮೇಲಿನ ಸ ಸತ್ತು ನಾಲ್ಕು ವರ್ಷ ಆಯ್ತು ಕಣೇ. ತಲೆ ಬಗ್ಗಿಸೋದು ಪಾಠ ಅಲ್ಲ, ರೋಗ. ನಿಂಗೆ ನನ್ನ ರೋಗ ಕಲಿಸ್ಬಿಟ್ಟೆ."

"ಗೊತ್ತು ಟೀಚರ್."

"ಏನು ಗೊತ್ತು?"

"ಅವತ್ತು ಬೈದ್ರಲ್ಲ. ಆಮೇಲೆ ಒಳಗೆ ಹೋಗಿ ನಲ್ಲಿ ಬಿಟ್ಕೊಂಡು ಅತ್ರಿ. ನಮ್ಮೆಂಟೂ ಜನಕ್ಕೂ ಕೇಳಿಸ್ತು. ಟೀಚರ್ ಎದುರು ಆ ಸ್ವರ ಯಾರೂ ಹಾಡ್ಬಾರ್ದು ಅಂತ ಅವತ್ತೇ ಮಾತಾಡ್ಕೊಂಡ್ವಿ."

ನಾಲ್ಕು ವರ್ಷ ತಾನು ಮಕ್ಕಳಿಂದ ಮುಚ್ಚಿಟ್ಟೆ ಅಂದುಕೊಂಡಿದ್ದಳು ಗಂಟೆಯಮ್ಮ. ಮುಚ್ಚಿಟ್ಟವರು ಅವರು, ಅವಳಿಂದ. "ಇವತ್ತಾದ್ರೂ ಹಾಡ್ಬಾರ್ದಿತ್ತಾ?" ಎಂದಳು. "ನನ್ನ ಮುಖ ನೋಡ್ಬೇಕಿತ್ತಾ ಇವತ್ತೂ?"

"ಮೊದಲ್ನೇ ಸಲ ನೀವು ಹೊರಗೆ ಕೇಳ್ತಿದ್ದೀರಲ್ಲ ಅಂತ ಬಿಟ್ಟೆ." ಹುಡುಗಿ ತಲೆ ತಗ್ಗಿಸಿದಳು. "ಆಮೇಲೆ ಎರಡು ಸಲ ಹಾಡೋಕೇ ಹೋದೆ ಟೀಚರ್. ಬರ್ಲಿಲ್ಲ."

"ಬರ್ದೆ ಏನು. ಬಂದೇ ಬರತ್ತೆ. ಈಗ ಹಾಡು."

"ಇಲ್ಲೇನಾ?"

"ಇಲ್ಲೇ ಹಾಡು."

ಜನ ತಿರುಗಿ ನೋಡಿದರು. ದರ್ಜಿಯ ಮಗಳು ಹಾಡಿದಳು. ಸಾಲು ಅಲ್ಲಿಗೆ ಬಂದದ್ದೇ ತಡ, ಯಾರೋ ಹಿಂದಿನಿಂದ ಒತ್ತಿದ ಹಾಗೆ ಗಲ್ಲ ತನ್ನಷ್ಟಕ್ಕೆ ಬಗ್ಗಿತು. ಇನ್ನೊಮ್ಮೆ ಹಾಡಿದಳು, ಮತ್ತೆ ಬಗ್ಗಿತು. ಬಸ್ಸು ಬಂತು, ನಿಂತಿದ್ದವರು ಹತ್ತಿಕೊಂಡರು, ಬಸ್ಸು ಹೋಯಿತು. ಗಂಟೆಯಮ್ಮ ಮುಂದೆ ಬಂದು ಹುಡುಗಿಯ ಗಲ್ಲವನ್ನು ಕೈಯಲ್ಲಿ ಹಿಡಿದು ಮೇಲಕ್ಕೆತ್ತಿದಳು.

"ಹಾಡು."

ಕೈಯೊಳಗೆ ಆ ಗಂಟಲು ಏರುವುದು, ಬಿಗಿಯುವುದು, ನುಂಗುವುದು ಎಲ್ಲ ಅವಳಿಗೆ ತಿಳಿಯುತ್ತಿತ್ತು. ಬಿಗಿಯುವ ಜಾಗವೂ ಅದೇ, ರೀತಿಯೂ ಅದೇ. ಒಂದು ಚೂರೂ ಆಚೀಚೆ ಇಲ್ಲ. ಅಷ್ಟು ಚೆನ್ನಾಗಿ ಕಲಿತಿದ್ದಳು ಹುಡುಗಿ.

"ಇನ್ನೊಮ್ಮೆ."

ಗಾಳಿ ಬಂತು.

"ಇನ್ನೊಮ್ಮೆ ಕಣೇ, ನಿನ್ನ ಕಾಲಿಗೆ ಬೀಳ್ತೀನಿ."

ಹುಡುಗಿ ಬಾಯಿ ತೆರೆದಳು, ಮುಚ್ಚಿದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು, ಆದರೂ ಅವಳು ಯಾವತ್ತಿನ ಹಾಗೆ ಮೆಲ್ಲಗೇ ಹೇಳಿದಳು.

"ಕೈ ತೆಗೀರಿ ಟೀಚರ್. ನೋಯ್ತಿದೆ."