ಎದುರು ಮನೆಯ ಎಲುಬು

ನನ್ನ ನಾಯಿ ಮಲಗುವುದು ಎದುರು ಮನೆಯ ಕಟ್ಟೆಯ ಮೇಲೆ. ಎದುರು ಮನೆ ನನ್ನ ಓರಗಿತ್ತಿಯದು, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿಯದು. ನಾಯಿಗೆ ಅನ್ನ ಹಾಕುವವಳು ನಾನು, ಮೈಮೇಲಿನ ಉಣ್ಣಿ ಕೀಳುವವಳು ನಾನು, ಸೂಜಿ ಹಾಕಿಸಲು ಆಸ್ಪತ್ರೆಯ ಸರದಿಯಲ್ಲಿ ನಿಲ್ಲುವವಳು ನಾನು. ಮಲಗುವುದು ಮಾತ್ರ ಅಲ್ಲಿ. ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ.

ನಾನು ಮಡಕಶಿರದ ಕಡೆಯವಳು; ಅದೂ ರಾಯದುರ್ಗವೂ ಆಂಧ್ರದ ಗಡಿಯ ಊರುಗಳೇ, ಕನ್ನಡ ಮಾತ್ರ ಬೇರೆಬೇರೆ. ಮದುವೆಯಾಗಿ ರಾಯದುರ್ಗಕ್ಕೆ ಬರುವ ಹೊತ್ತಿಗೆ ಅವಳು ಈ ಮನೆತನವನ್ನು ಪೂರ್ತಿ ಸೆರಗಿಗೆ ಗಂಟು ಹಾಕಿಕೊಂಡಿದ್ದಳು. ಅತ್ತೆಗೆ ಅವಳ ಕೈಯ ಸಾರೇ ಆಗಬೇಕು. ನೆಂಟರು ಬಂದರೆ ಮೊದಲು ಅವಳ ಮನೆಗೇ. ನಾನು ‘ಐತೆ’ ಅಂದರೆ ಮನೆಮಂದಿಯೆಲ್ಲ ನಗುವುದು, ಅವಳು ‘ಐತಿ’ ಅಂದರೆ ಅದು ಸರಿಯಾದ ಮಾತು. ನನ್ನ ಗಂಡ ಇವತ್ತಿಗೂ ನನ್ನ ಅಡುಗೆ ಉಂಡು, ಕೈ ತೊಳೆದು, ‘ಅತ್ತಿಗಿ ಮಾಡೋ ಚಟ್ನಿ ಇದ್ದಿದ್ರ’ ಎಂದು ಮಾತು ಮುಗಿಸದೆ ಎದ್ದು ಹೋಗುತ್ತಾನೆ. ಎದುರಿಗೆ ಅವಳನ್ನು ‘ಅಕ್ಕ, ನೀವು’ ಎನ್ನುತ್ತೇನೆ. ಮನಸ್ಸಿನಲ್ಲಿ ಏನೆನ್ನುತ್ತೇನೆ ಎನ್ನುವುದು ನನ್ನ ಸ್ವಂತ ವಿಷಯ.

ಅದಕ್ಕೇ ನನ್ನ ತಮ್ಮ ‘ನಮ್ ಕುರಿ ಕಾಯೋ ನಾಯಿ ಮರಿ ಹಾಕೈತೆ ಕಣಕ್ಕ, ಬೇಕಾ ಒಂದು?’ ಎಂದು ಫೋನು ಮಾಡಿದಾಗ ಹಿಂದೆಮುಂದೆ ನೋಡದೆ ಹೂಂ ಅಂದೆ. ತವರಿನ ಹಟ್ಟಿಯಲ್ಲಿ ಹುಟ್ಟಿದ ಮರಿ, ನನ್ನ ಮಡಿಲಲ್ಲೇ ಬಸ್ಸು ಹತ್ತಿ, ಪಾವಗಡದಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ಬಂದದ್ದು. ದಾರಿಯುದ್ದಕ್ಕೂ ನನ್ನ ಸೀರೆ ಒದ್ದೆ ಮಾಡಿತು. ಕಂಡಕ್ಟರ್ ತೆಲುಗಿನಲ್ಲಿ ಬೈದ, ನಾನೂ ತೆಲುಗಿನಲ್ಲೇ ತಿರುಗಿ ಬೈದೆ. ಈ ಊರಿನಲ್ಲಿ ಎಲ್ಲವೂ ಅವಳದಾಯಿತು, ಈ ನಾಯಿಯಾದರೂ ನನ್ನದಾಗಿರಲಿ ಎಂದುಕೊಂಡೆ. ನನಗೆ ಬೇಕಿದ್ದದ್ದು ಅಷ್ಟೇ.

ಆದರೆ ನನಗೆ ಕೆಲಸ ಇದೆಯಲ್ಲ! ಬೆಳಗ್ಗೆ ಹೊರಟರೆ, ರಾಯದುರ್ಗದಲ್ಲಿ ಓಣಿಗೊಂದಿರುವ ಜೀನ್ಸ್ ಹೊಲಿಯುವ ಯೂನಿಟ್ಟುಗಳಲ್ಲೊಂದರಲ್ಲಿ ಜೇಬು ಹೊಲಿಯುತ್ತ ಕೂತು ಸಂಜೆಯೇ ಮನೆಗೆ. ಅವಳದು ಮನೆಯಲ್ಲೇ ಕೆಲಸ. ಹೊಲಿದು ಮುಗಿದ ಪ್ಯಾಂಟುಗಳ ರಾಶಿ ತರಿಸಿಕೊಂಡು, ಕಟ್ಟೆಯ ಮೇಲೆ ಕೂತು, ಹೊರಗೆ ಇಣುಕುವ ದಾರದ ತುದಿಗಳನ್ನು ಕತ್ತರಿಸುತ್ತಾಳೆ. ಬಾಯಿಗೂ ಬಿಡುವಿಲ್ಲ. ಕೇಳುವವರು ಇಲ್ಲದಿದ್ದರೆ ಪ್ಯಾಂಟಿನ ಜೊತೆಗಾದರೂ ಮಾತಾಡುತ್ತಾಳೆ. ನನ್ನ ಮರಿ ಗೇಟಿನ ಸಂದಿಯಿಂದ ನುಸುಳಿ ಓಣಿ ದಾಟಿ ಅವಳ ಮಾತು ಕೇಳಲು ಹೋಗತೊಡಗಿತು.

ಮೇಲೆ ಭಾನುವಾರ ಬಂತೆಂದರೆ ಎಲುಬು. ನಮ್ಮ ಓಣಿಯಲ್ಲಿ ಭಾನುವಾರ ಕುಕ್ಕರ್ ಕೂಗದ ಮನೆಯಿಲ್ಲ. ಅವಳದಂತೂ ಮಾಂಸ ಬಾಯಲ್ಲಿ ಕರಗುವಷ್ಟು ಹೊತ್ತು ಕೂಗುತ್ತದೆ. ಎಲ್ಲರೂ ಉಂಡ ಮೇಲೆ ತಟ್ಟೆಗಳಲ್ಲಿ ಉಳಿದ ಎಲುಬನ್ನೆಲ್ಲ ಒಂದು ಬೋಗುಣಿಗೆ ಕೂಡಿಸಿ, ಕಟ್ಟೆಯ ಮೇಲೆ ಕೂತು, ಒಂದೊಂದಾಗಿ ಕೈಯಿಂದ ತಿನ್ನಿಸುತ್ತಿದ್ದಳು. ‘ತಿನ್ನೋ ರಾಜಾ, ಇದು ತೊಡಿದು. ಹಲ್ಲು ಗಟ್ಟಿ ಆಗ್ತಾವು.’ ನಾಯಿಯ ದವಡೆಯ ಕಟಕಟ ಸದ್ದು ನನ್ನ ಅಡುಗೆಮನೆಗೆ ಕೇಳುತ್ತಿತ್ತು. ನಾನು ಹಾಕಿದ ರಾಗಿ ಮುದ್ದೆ, ಮಜ್ಜಿಗೆ ತಟ್ಟೆಯಲ್ಲೇ ಒಣಗುತ್ತಿತ್ತು.

‘ನಿನ್ನ ನಾಯಿ ನನ್ನ ಬಿಟ್ಟು ಏಳವಲ್ದು ನೋಡು ತಂಗಿ’ ಎಂದು ಅವಳು ನಗುವಾಗ ನಾನೂ ಹಲ್ಲು ಕಿರಿದು ಒಳಗೆ ಹೋಗುತ್ತಿದ್ದೆ.

ಹೋದ ವರ್ಷ ಬೇಸಿಗೆಯಲ್ಲಿ ನಾಯಿಯ ಒಂದು ಕಣ್ಣಿನ ಕೆಳಗೆ ಊದಿಕೊಂಡಿತು. ಹತ್ತಿರ ಬಂದರೆ ಬಾಯಿ ಗಬ್ಬುವಾಸನೆ. ಒಂದೇ ಮಗ್ಗುಲಿನಲ್ಲಿ ಅಗಿಯುವುದು, ಅಗಿಯುತ್ತ ಅಗಿಯುತ್ತ ಕುಂಯ್ ಎಂದು ಉಗುಳುವುದು. ಪಶು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ತುಟಿ ಎತ್ತಿ ಟಾರ್ಚ್ ಬಿಟ್ಟು ನನಗೂ ತೋರಿಸಿದರು. ಮೇಲಿನ ದವಡೆಯ ದೊಡ್ಡ ಹಲ್ಲು ಉದ್ದಕ್ಕೆ ಸೀಳಿ ನಿಂತಿತ್ತು. ಬೇರಿನ ತನಕ ಕೀವು.

‘ಎಲುಬು ಹಾಕ್ತೀರೇನ್ರಿ? ಬೇಯಿಸಿದ್ದಾ?’

‘ಹಾಕ್ತಾರೆ’ ಅಂದೆ. ‘ನಾನಲ್ಲ. ಎದುರು ಮನೆಯವ್ರು.’

‘ಉಡಕಬೆಟ್ಟಿನ ಎಮುಕ ವದ್ದಮ್ಮಾ, ವದ್ದೇ ವದ್ದು’ ಎಂದು ತೆಲುಗಿನಲ್ಲಿ ಗದರಿ, ಬೇಯಿಸಿದ ಎಲುಬು ಬೇಡವೇ ಬೇಡ ಎಂದು ಕನ್ನಡಕ್ಕೆ ಹೊರಳಿದರು. ಬೇಯಿಸಿದ ಎಲುಬು ಚೂರುಚೂರಾಗಿ ಸೀಳುತ್ತದೆ, ಆ ಚೂರು ಗಂಟಲನ್ನೋ ಕರುಳನ್ನೋ ಹರಿಯಬಹುದು. ತೊಡೆಯ ಎಲುಬು ಹಲ್ಲಿಗಿಂತ ಗಟ್ಟಿ, ಹಲ್ಲೇ ಮುರಿಯುತ್ತದೆ. ಎಲುಬು ಕಡಿದರೆ ಹಲ್ಲು ಗಟ್ಟಿಯಾಗುತ್ತದೆ ಎನ್ನುವುದೆಲ್ಲ ಸುಳ್ಳು.

ನನ್ನ ನಾಯಿ ನೋವಿನಲ್ಲಿ ನಡುಗುತ್ತಿತ್ತು, ನನಗೆ ಕಣ್ಣಲ್ಲಿ ನೀರು. ಅದರ ಜೊತೆಗೇ ಎಂಥ ಖುಷಿ, ದೇವರೇ! ಅವಳ ಕೈಯಲ್ಲೂ ತಪ್ಪಾಗುತ್ತದೆ ಎಂದು ಓದಿದ ಡಾಕ್ಟರೇ ಹೇಳಿದರಲ್ಲ. ಇಲ್ಲಿ ಆಗದೆಂದು ಬಳ್ಳಾರಿಗೆ ಕರೆದುಕೊಂಡು ಹೋಗಿ ಅದರ ಹಲ್ಲು ಕೀಳಿಸಿಕೊಂಡು ಬಂದವಳು ಮನೆಯ ಬೀಗವನ್ನೂ ತೆಗೆಯದೆ ನೇರ ಅವಳ ಕಟ್ಟೆಗೆ ಹೋದೆ.

‘ಅಕ್ಕ, ಇನ್ಮೇಲೆ ಒಂದ್ ಚೂರು ಮೂಳೆನೂ ಹಾಕ್ಬ್ಯಾಡಿ. ನೀವು ಹಾಕಿದ್ದು ತಿಂದೇ ಇದರ ಹಲ್ಲು ಹೋಗಿದ್ದು.’

ಅವಳು ಕತ್ತರಿ ಕೆಳಗಿಟ್ಟಳು. ನಾಯಿಯ ಬಾಯಿ ನೋಡಿದಳು, ನನ್ನ ಮುಖ ನೋಡಿದಳು, ‘ಅಯ್ಯ ಶಿವನೇ, ನನ್ನ ಕೈಯಾರೆ ಮುರಿದ್ನೇನ ಇದರ ಹಲ್ಲು?’ ಎಂದು ಗೊಳೋ ಎಂದು ಅಳತೊಡಗಿದಳು. ಅಕ್ಕಪಕ್ಕದವರು ಓಡಿ ಬಂದರು. ನನ್ನ ಗಂಡ ಬಂದು ‘ಅತ್ತಿಗಿ, ಅಳಬ್ಯಾಡ್ರಿ, ನಿಮಗೇನು ಗೊತ್ತಿತ್ತು?’ ಎಂದು ಸಮಾಧಾನ ಮಾಡಿದ. ನಾಯಿಯಂತೂ ಹೊಲಿಗೆ ಹಾಕಿದ ಬಾಯಿಯನ್ನು ಅವಳ ಮಡಿಲಲ್ಲಿಟ್ಟು ಕೂತುಬಿಟ್ಟಿತು. ಹಲ್ಲು ಮುರಿಸಿದವಳಿಗೆ ಸಾಂತ್ವನ, ಕೀಳಿಸಿ ತಂದವಳಿಗೆ ಕಾಫಿಯೂ ಇಲ್ಲ.

ಎಲುಬು ನಿಂತಿತು. ನಾಯಿ ಅಲ್ಲಿಗೆ ಹೋಗುವುದು ನಿಲ್ಲಲಿಲ್ಲ. ಈಗೇನಿದೆಯಪ್ಪ ಅಲ್ಲಿ, ಬೋಗುಣಿಯೂ ಇಲ್ಲ? ನಾಯಿಯ ಬಾಯಿಗೆ ಕಡಿಯಲು ಏನಾದರೂ ಬೇಕು, ಅದನ್ನು ನಾನೇ ಕೊಟ್ಟರೆ ನನ್ನ ಹತ್ತಿರ ಇರುತ್ತದೆ ಎಂದು ಲೆಕ್ಕ ಹಾಕಿದೆ. ಅಂಗಡಿಯ ಬಣ್ಣಬಣ್ಣದ ಬಿಸ್ಕತ್ತು ಯಾಕೆ, ನಮ್ಮ ಯೂನಿಟ್ಟಿನ ಕಟಿಂಗ್ ಟೇಬಲ್ ಕೆಳಗೆ ಜೀನ್ಸ್ ಬಟ್ಟೆಯ ಚಿಂದಿ ರಾಶಿ ಬಿದ್ದಿರುತ್ತದೆ. ಕಲ್ಲಿಗೆ ಉಜ್ಜಿದರೂ ಹರಿಯದ ಬಟ್ಟೆ! ಉದ್ದುದ್ದ ಚಿಂದಿ ಆರಿಸಿ ತಂದು, ಹೆಚ್ಚಿನ ಬಣ್ಣ ಬಿಡುವ ತನಕ ಕುದಿಸಿ, ಒಣಗಿಸಿ, ಜಡೆ ಹೆಣೆದ ಹಾಗೆ ಹೆಣೆದು ಎರಡೂ ತುದಿಗೆ ಗಂಟು ಹಾಕಿದೆ. ನಾಯಿ ಅದನ್ನು ಎರಡು ಕಾಲಿನಲ್ಲಿ ಒತ್ತಿ ಹಿಡಿದು ಎಳೆಯುವುದನ್ನು ನೋಡಿ ಎದೆ ತಣ್ಣಗಾಯಿತು. ಬೆಳಗ್ಗೆ ಅದರ ಮುಂದೆ ಹಾಕಿ, ಗೇಟಿನ ಸಂದಿಗೆ ಕಲ್ಲು ಅಡ್ಡ ಇಟ್ಟು, ಕೆಲಸಕ್ಕೆ ಹೋಗತೊಡಗಿದೆ.

ಒಂದು ಮಧ್ಯಾಹ್ನ ಯೂನಿಟ್ಟಿಗೆ ಅವಳ ಫೋನು ಬಂತು.

‘ತಂಗಿ, ಲಗೂನ ಬಾ. ನಾಯಿ ಹಿಂದ್ಲಿಂದ ನೀಲಿ ದಾರ ಬರಾಕತ್ತೈತಿ. ಮುಕ್ಕರಿತೈತಿ, ಬರವಲ್ದು. ನನಗ ಭಾಳ ಹೆದರಿಕಿ ಆಗಾಕತ್ತೈತಿ.’

ಹೊಲಿಯುತ್ತಿದ್ದ ಜೇಬನ್ನು ಅರ್ಧಕ್ಕೇ ಬಿಟ್ಟು ಓಡಿದೆ. ಅವಳು ಕಲ್ಲು ಸರಿಸಿ ನಮ್ಮ ಅಂಗಳಕ್ಕೆ ಬಂದು ನಾಯಿಯನ್ನು ತಬ್ಬಿ ಕೂತಿದ್ದಳು. ನಾನು ಹೆಣೆದ ಚಿಂದಿ ಜಡೆಯ ಒಂದು ಗಂಟು ಇರಲೇ ಇಲ್ಲ, ಉಳಿದದ್ದು ಬರೀ ನಾರುನಾರು. ಡಾಕ್ಟರಮ್ಮನಿಗೆ ಫೋನು ಮಾಡಿದರೆ ‘ಎಳೀಬೇಡ್ರಿ! ಹಾಗೇ ಕರ್ಕೊಂಡು ಬರ್ರಿ’ ಅಂದರು. ಆಟೋದಲ್ಲಿ ನಾಯಿ ಕೂತದ್ದು ಅವಳ ತೊಡೆಯ ಮೇಲೆ. ಪ್ರಾಣಕ್ಕೆ ಬಂದಿದೆ, ಆಗಲೂ ನನ್ನ ಕಣ್ಣು ಹೋದದ್ದು ಅಲ್ಲಿಗೇ.

ಡಾಕ್ಟರಮ್ಮ ಹೊಟ್ಟೆ ಒತ್ತಿ ಒತ್ತಿ ನೋಡಿದರು. ದಾರ ಕರುಳಿಗೆ ಸುತ್ತಿಕೊಂಡಿದ್ದರೆ ಹೊಟ್ಟೆ ಕೊಯ್ಯಬೇಕಾಗುತ್ತಿತ್ತಂತೆ. ಪುಣ್ಯಕ್ಕೆ ಹಾಗಾಗಿರಲಿಲ್ಲ. ಸಂಜೆಯ ತನಕ ಅಲ್ಲೇ ಬೇವಿನ ಮರದ ಕೆಳಗೆ ಕಾಯುತ್ತ ಕೂತೆವು. ಗಂಟು ತಾನಾಗಿ ಬಿತ್ತು. ‘ನೀಲಿ ಜೀನ್ಸ್! ರಾಯದುರ್ಗದವರಲ್ಲದೆ ಇನ್ಯಾರು ತಿನ್ನಿಸ್ತಾರಮ್ಮ ಇದನ್ನ?’ ಎಂದು ಡಾಕ್ಟರಮ್ಮ ತಲೆ ಚಚ್ಚಿಕೊಂಡರು. ಅವಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ‘ನೀ ಏನ ಒಳ್ಳೇದಕ್ಕ ಮಾಡಿದ್ದಿ ಬಿಡು’ ಅಂದಳು. ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ. ಆ ಭಾಗ್ಯವನ್ನೂ ಕೊಡಲಿಲ್ಲ.

‘ಹಂಗಾರ ಇದಕ್ಕ ಕಡಿಯಾಕ ಏನು ಕೊಡಬೇಕ್ರಿ?’ ಎಂದು ಕೇಳಿದವಳೂ ಅವಳೇ. ಡಾಕ್ಟರಮ್ಮ ಕಪಾಟಿನಿಂದ ಒಂದು ರಬ್ಬರಿನ ಆಟಿಕೆ ತೆಗೆದರು. ಏನನ್ನು ಕೊಡುವ ಮೊದಲೂ ಹೆಬ್ಬೆರಳಿನ ಉಗುರು ಊರಿ ನೋಡಬೇಕಂತೆ. ಉಗುರು ಸ್ವಲ್ಪವಾದರೂ ಇಳಿದರೆ ಹಲ್ಲಿಗೆ ಅಪಾಯವಿಲ್ಲ, ಇಳಿಯದಿದ್ದರೆ ಅದು ಗೊರಸಾಗಲಿ ಕೊಂಬಾಗಲಿ ಕೊಡಬಾರದು. ಇಡಿಯಾಗಿ ನುಂಗಲಾಗದಷ್ಟು ದೊಡ್ಡದಿರಬೇಕು. ಸವೆದು ಚೂರು ಏಳತೊಡಗಿದರೆ ಎಸೆಯಬೇಕು.

‘ಎಲ್ಲಕ್ಕಿಂತ ಮುಖ್ಯ, ಕೊಟ್ಟು ಹೋಗಿಬಿಡಬಾರದು. ಅದು ಕಡಿಯೋ ತನಕ ಯಾರಾದ್ರೂ ಎದುರಿಗೇ ಕೂತಿರಬೇಕು. ಹಗಲೊತ್ತು ಮನೆಯಾಗ ಯಾರಿರ್ತೀರಿ?’

ಕಟ್ಟೆಯ ಮೇಲೆ ದಿನವಿಡೀ ಯಾರು ಕೂತಿರುತ್ತಾರೆ, ನಾಯಿ ಯಾಕೆ ಓಣಿ ದಾಟುತ್ತದೆ ಎನ್ನುವುದು ಆಗ ನನಗೆ ಅರ್ಥವಾಯಿತು. ಎಲುಬಿಗಾಗಿ ಅಲ್ಲವೇ ಅಲ್ಲ, ಅವಳು ಕೂತಿರುತ್ತಾಳೆ ಎಂದು. ಅರ್ಥವಾದರೆ ಉರಿ ಕಡಿಮೆಯಾಗುತ್ತದೆ ಎನ್ನುತ್ತಾರಲ್ಲ, ನನಗೆ ಜಾಸ್ತಿಯಾಯಿತು. ನಾನು ಕೂರಲಾರೆ, ನನಗೆ ಕೆಲಸ ಬಿಡಲಾಗದು. ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ಒಲ್ಲೆ ಅಂದರೆ ಅವಳು ಸುಮ್ಮನಿರುತ್ತಿದ್ದಳು ಎನ್ನುವುದು ನನಗೆ ಗೊತ್ತು. ಹಾಗಂದರೆ ನಾಯಿ ಒಬ್ಬಂಟಿಯಾಗಿ ಇನ್ನೇನನ್ನೋ ಕಡಿದು ನುಂಗುತ್ತದೆ ಎನ್ನುವುದೂ ಗೊತ್ತು.

‘ಅಕ್ಕ ಇರ್ತಾರೆ’ ಅಂದೆ. ಡಾಕ್ಟರಮ್ಮ ಆ ರಬ್ಬರನ್ನು ನೇರ ಅವಳ ಕೈಗೇ ಕೊಟ್ಟು, ಉಗುರು ಹೇಗೆ ಊರಬೇಕು ಎಂದು ಅವಳಿಗೇ ಕಲಿಸಿದರು. ನಾನು ಆಟೋದವನ ಹಾಗೆ ಪಕ್ಕದಲ್ಲಿ ನಿಂತಿದ್ದೆ.

‘ದಿನಾ ಹಲ್ಲೂ ತಿಕ್ಕಬೇಕು. ಯಾರು ತಿಕ್ತೀರಿ?’

‘ನಾನು!’ ಅಂದೆ, ಅವಳು ಉಸಿರು ಎಳೆಯುವ ಮೊದಲೇ. ಪಕ್ಕದ ಮೇಜಿನ ಮೇಲಿದ್ದ ಬೆಕ್ಕು ಹೆದರಿ ಜಿಗಿಯಿತು, ಅಷ್ಟು ಜೋರಾಗಿ ಹೇಳಿದ್ದೆ. ಇದೊಂದು ನನ್ನ ಪಾಲಿಗೆ ಉಳಿಯಿತು ಎಂದು ಬ್ರಷ್ಷು, ನಾಯಿಗೆಂದೇ ಇರುವ ಪೇಸ್ಟು ಎಲ್ಲ ಚೀಲಕ್ಕೆ ಹಾಕಿಕೊಂಡೆ.

ಹಲ್ಲು ತಿಕ್ಕುವುದೆಂದರೆ ಏನು ಅಂತ ಆಗ ಗೊತ್ತಿರಲಿಲ್ಲ. ಆ ನಾಯಿಗೆ ಭೂಮಿಯ ಮೇಲೆ ಅದಕ್ಕಿಂತ ಬೇಡದ ಕೆಲಸ ಇನ್ನೊಂದಿಲ್ಲ. ಈಗ ಹಗಲೆಲ್ಲ ಅದು ಅವಳ ಕಾಲ ಬುಡದಲ್ಲಿ ಬಿದ್ದುಕೊಂಡು ರಬ್ಬರ್ ಕಡಿಯುತ್ತದೆ, ಅವಳ ಕತೆ ಕೇಳುತ್ತದೆ, ಸೌತೆಕಾಯಿ ತಿನ್ನುತ್ತದೆ. ಸಂಜೆ ನಾನು ಓಣಿಯ ತಿರುವಿನಲ್ಲಿ ಕಂಡರೆ ಸಾಕು, ಬಾಲವನ್ನು ಹೊಟ್ಟೆಗೆ ಮಡಚಿ ಅವಳ ಸೆರಗಿನ ಹಿಂದೆ ಅವಿತುಕೊಳ್ಳುತ್ತದೆ. ತಿನ್ನಿಸುವ ಸುಖವೆಲ್ಲ ಅವಳಿಗೆ. ನನಗೆ ದವಡೆ ಬಿಡಿಸುವ ಕೆಲಸ. ನಾನೇ ಕಿತ್ತುಕೊಂಡದ್ದು, ಇನ್ನು ಯಾರ ಮುಂದೆ ಅಳಲಿ?

ಮೊನ್ನೆ ಸಂಜೆ ಎಷ್ಟು ಕರೆದರೂ ಬರಲಿಲ್ಲ. ನಾನು ಬ್ರಷ್ಷು ಹಿಡಿದು ಅವಳ ಕಟ್ಟೆಗೇ ಹೋದೆ. ಅವಳು ನಾಯಿಯ ಕುತ್ತಿಗೆಯನ್ನು ತನ್ನ ಮೊಣಕಾಲುಗಳ ನಡುವೆ ಮೆಲ್ಲಗೆ ಹಿಡಿದುಕೊಂಡಳು. ನಾನು ತುಟಿ ಎತ್ತಿ, ಒಂದು ಹಲ್ಲು ಇಲ್ಲದ ಆ ಸಂದಿಯನ್ನು ಬಳಸಿ, ಒಂದೊಂದನ್ನೇ ತಿಕ್ಕಿದೆ. ನಾಯಿ ಕುಂಯ್‌ಗುಟ್ಟುತ್ತ ಅವಳ ಮುಖ ನೋಡಿ ದೂರು ಹೇಳಿತು. ಅವಳು ಅದರ ಕಿವಿಯ ಹಿಂದೆ ಕೆರೆದಳು.

‘ಸುಮ್ಕಿರೋ. ನಾ ಆದ್ರ ಬಿಟ್ಟುಬಿಡ್ತಿದ್ದೆ. ಅಕಿ ನಿಮ್ಮವ್ವ, ಹೆಂಗ ಬಿಡ್ತಾಳ?’

ನನ್ನ ಕೈ ಹಾಗೇ ನಿಂತಿತು. ಇಷ್ಟು ವರ್ಷ ನಾನು ಕೇಳಬೇಕೆಂದಿದ್ದ ಮಾತು ಅದೊಂದೇ. ಅದನ್ನೂ ಅವಳ ಬಾಯಿಂದಲೇ ಕೇಳಬೇಕಾಯಿತಲ್ಲ ಎಂದು ಹೊಟ್ಟೆ ಉರಿಯಿತು. ತಲೆ ಎತ್ತದೆ ಇನ್ನೊಂದು ಮಗ್ಗುಲಿನ ಹಲ್ಲುಗಳನ್ನೂ ತಿಕ್ಕಿ ಮುಗಿಸಿದೆ.