ಅರ್ಧಕ್ಕೇ ನಿಲ್ಲುವ ಹಾಡು

"ಎಂಟು ದಿನದಿಂದ ಅದೇ ತುಣುಕು! ಮುಂದಿಂದು ಬರಂಗಿಲ್ಲೇನವಾ?" ಶಹಾಬಾದಿನ ನಮ್ಮ ಮನೆಯಲ್ಲಿ ಗಿಟಾರ್ ಹಿಡಿದು ಕುಳಿತ ಮೊಮ್ಮಗಳನ್ನು ಕೆಣಕಿದೆ. ಸಂಗೀತದ ಮಹಾಪಂಡಿತ ನಾನು; ಹೈಸ್ಕೂಲಿನ ಪ್ರಾರ್ಥನೆಗೂ ಬಾಯಿ ತೆರೆದವನಲ್ಲ.

"ಇದನ್ನ ಯಾರೂ ಬರೆದಿಟ್ಟಿಲ್ಲ ಮುತ್ಯಾ. ಕೇಳಿ ಕೇಳಿ ಕಲೀಲಿಕತ್ತೀನಿ" ಎಂದು ಹಳೆಯ ಮೊಬೈಲಿನ ರೆಕಾರ್ಡಿಂಗ್ ಹಚ್ಚಿದಳು. ಅದರಲ್ಲಿ ತೀರಿಹೋದ ನನ್ನ ಹೆಂಡತಿ ರೊಟ್ಟಿ ಬಡಿಯುತ್ತ ಹಾಡು ಗುನುಗುತ್ತಿದ್ದಳು. ಮೊಮ್ಮಗಳು ಆ ಬಡಿತವನ್ನೂ ಹೆಬ್ಬೆರಳಿನಿಂದ ಗಿಟಾರಿನ ಮೇಲೆ ನುಡಿಸಿದಳು. ಅಷ್ಟರಲ್ಲಿ ಮೊಬೈಲಿನಿಂದ ನನ್ನದೇ ದನಿ: "ಸಾಕ್ ಮಾಡ, ತಲಿ ನೋಯ್ತದ!" ಹಾಡು ನಿಂತಿತು. ರೊಟ್ಟಿಯ ಬಡಿತ ನಿಲ್ಲಲಿಲ್ಲ.

ನಲವತ್ತು ವರ್ಷ ಆ ಅಡುಗೆಮನೆಯಿಂದ ಬಿಸಿ ರೊಟ್ಟಿಯಷ್ಟೇ ಬರುತ್ತದೆಂದು ತಿಳಿದಿದ್ದ ಜಾಣ ನಾನು. "ಮುಂದ ಹ್ಯಾಂಗಿತ್ತು ಮುತ್ಯಾ?" ಎಂದು ಮೊಮ್ಮಗಳು ಈಗಲೂ ಕೇಳುತ್ತಾಳೆ. ನಾನು ಕೇಳಿಸಿಕೊಂಡಿದ್ದರೆ ತಾನೆ!