ಡಡ್ಲಿಗೆ ಜಡೆ ಹೆಣೆದ ಥೆಲ್ಮಾ

ನವೆಂಬರ್ ಬಂದು ಹುಲ್ಲಿನ ಮೇಲಿನ ಓಟಗಳು ಮುಗಿದರೆ ಇಂಗ್ಲೆಂಡಿನ ನಮ್ಮ ಮಿಡಲ್‌ಹ್ಯಾಮಿನ ಹೆಸರುವಾಸಿ ಕುದುರೆಗಳೆಲ್ಲ ಕಂಬಳಿ ಹೊದ್ದು ವಿಶ್ರಾಂತಿಗೆ ಹೋಗುತ್ತವೆ. ಆಮೇಲೆ ಲಾಯದ ಒಲೆ ಉರಿಯಬೇಕಾದರೆ ಮರಳಿನ ಮೇಲೆ ಓಡುವವು ಓಡಬೇಕು. ಮಳೆಗೂ ಹಿಮಕ್ಕೂ ಜಗ್ಗದ ಮರಳಿನ ಹಾದಿ, ಸಂಜೆ ನಾಲ್ಕಕ್ಕೇ ಹಚ್ಚುವ ದೀಪ, ಕೋಟಿನ ಕಾಲರ್ ಎತ್ತಿಕೊಂಡು ನಿಂತ ಬೆರಳೆಣಿಕೆಯ ಜನ. ಬೇಸಿಗೆಯಲ್ಲಿ ಹೊಸ ಟೋಪಿ ತೊಟ್ಟು ಬರುವ ಹೆಂಗಸರು ಇತ್ತ ತಲೆ ಹಾಕಿಯೂ ಮಲಗುವುದಿಲ್ಲ. ಹಾಗಂತ ಇದನ್ನು ಓಟವಲ್ಲ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕುದುರೆಗೆ ಟೋಪಿಯ ಲೆಕ್ಕ ಗೊತ್ತಿಲ್ಲ.

ಮೆಟ್‌ಕಾಫ್ ಎಂಬ ತರಬೇತುದಾರ ಧಣಿಯ ಲಾಯದಲ್ಲಿ ಆ ಚಳಿಗಾಲಕ್ಕೆ ಉಳಿದ ದಂಡು ಹೇಳಿಕೊಳ್ಳುವಂಥದ್ದೇನಲ್ಲ. ಕಂದು ಬಣ್ಣದ ಒಂದು ಹೆಣ್ಣು ಕುದುರೆಗೆ ವೇಗವಿತ್ತು, ಓಟ ಶುರುವಾಗುವ ಗೂಡಿನೊಳಗೆ ಹೋಗು ಎಂದರೆ ಮಾತ್ರ ಕಾಲೂರಿ ನಿಲ್ಲುತ್ತಿತ್ತು. ಮೂರು ವರ್ಷದ ಗಂಡೊಂದು ಬೆಳಗಿನ ಅಭ್ಯಾಸದಲ್ಲಿ ಬೆಂಕಿ, ಓಟದ ದಿನ ಬೂದಿ. ಬೂದು ಬಣ್ಣದ್ದೊಂದು ಇನ್ನೂ ಬೆಳೆಯುತ್ತಿತ್ತು, ಅದರ ಮೇಲೆ ಈ ವರ್ಷ ಆಸೆಯಿಡುವುದೇ ತಪ್ಪು. ಇನ್ನು ಉಳಿದವನು ಡಡ್ಲಿ. ಓಟದ ದಾಖಲೆ ಪುಸ್ತಕದಲ್ಲಿ ಅವನಿಗೆ ಉದ್ದದ ಹೆಸರೊಂದಿತ್ತು, ಲಾಯದಲ್ಲಿ ಯಾರೂ ಅದನ್ನು ಬಳಸುತ್ತಿರಲಿಲ್ಲ. ಹತ್ತು ವರ್ಷ ತುಂಬಿದ ಕುಳ್ಳ ದೇಹ, ಅಗಲವಾದ ಎದೆ. ಪ್ರತಿ ಚಳಿಗಾಲವೂ ಒಂದೋ ಎರಡೋ ಓಟ ಗೆದ್ದು ಲಾಯದ ಮಾನ ಉಳಿಸುತ್ತಿದ್ದವನು ಅವನೇ.

ಅವನನ್ನು ನೋಡಿಕೊಳ್ಳುತ್ತಿದ್ದವಳು ಥೆಲ್ಮಾ ಔತ್‌ವೇಟ್. ಪಕ್ಕದೂರು ಲೇಬರ್ನಿನ ಕಟುಕನ ಮಗಳು. ಹದಿನಾರಕ್ಕೆ ಈ ಲಾಯಕ್ಕೆ ಬಂದಾಗ ಜಾಕಿಯಾಗುವ ಕನಸಿತ್ತು. ಒಂದೇ ಒಂದು ಓಟದಲ್ಲಿ ಸವಾರಿ ಮಾಡಿದಳು, ಹಿಂದಿನಿಂದ ಎರಡನೆಯವಳಾಗಿ ಬಂದಳು. ಈಗಿನ ಧಣಿಯ ಅಪ್ಪ, ಹಳೇ ಧಣಿ, ಅವಳನ್ನು ಕರೆದು, "ಕೈ ಚಿನ್ನದಂಥದು ಕಣಮ್ಮ, ಮೈ ಮಾತ್ರ ನಿಮ್ಮಪ್ಪನ ಅಂಗಡಿಯದು" ಎಂದುಬಿಟ್ಟ. ಅವತ್ತು ಅತ್ತಳು. ಮಾರನೆಯ ದಿನ ಬೆಳಗ್ಗೆ ಸಲಿಕೆ ಹಿಡಿದು ಲದ್ದಿ ಬಳಿಯಲು ಬಂದಳು. ಮುಂದೊಮ್ಮೆ ಲಾಳ ಕಟ್ಟುವವನೊಬ್ಬ ಮದುವೆಯಾಗಿ ಆಸ್ಟ್ರೇಲಿಯಾಕ್ಕೆ ಹೋಗೋಣ ಎಂದು ಕೇಳಿದ್ದ. ಈ ಋತು ಮುಗಿಯಲಿ, ಆಮೇಲೆ ಹೇಳುತ್ತೇನೆ ಎಂದಿದ್ದಳು. ಲಾಯದಲ್ಲಿ ಋತು ಮುಗಿಯುವುದೆಂದರೇನು? ಹುಲ್ಲು ಮುಗಿದರೆ ಮರಳು, ಮರಳು ಮುಗಿದರೆ ಹುಲ್ಲು. ಅವನು ಹೋದ.

ಜೀವಮಾನವೆಲ್ಲ ಊರವರ ಕುದುರೆಗಳನ್ನು ಉಜ್ಜಿ, ಉಣಿಸಿ, ಓಡಿಸಿ, ಒಂದು ದಿನ ಯಾರದೋ ಲಾರಿಗೆ ಹತ್ತಿಸಿ ಕಳಿಸಿದವಳು ಥೆಲ್ಮಾ. ಒಂದು ಕುದುರೆ ತನ್ನದೇ ಆಗಿರಬೇಕು, ಯಾರೂ ಬಂದು ಕೇಳಬಾರದು, ಅದು ಮುದಿಯಾಗುವುದನ್ನು ಪಕ್ಕದಲ್ಲಿ ನಿಂತು ನೋಡಬೇಕು ಎಂಬುದೊಂದೇ ಅವಳ ಆಸೆ. ಧಣಿ ಕುದುರೆಯ ಒಡೆಯರನ್ನು ಒಪ್ಪಿಸಿ ಮಾತು ಕೊಟ್ಟಿದ್ದ. ಈಸ್ಟರ್‌ಗೆ ಮರಳಿನ ಓಟಗಳು ಮುಗಿದ ಕೂಡಲೇ ಡಡ್ಲಿ ಅವಳವನು. ಕವರ್‌ಹ್ಯಾಮಿನ ರೈತ ಆಲ್ಡರ್‌ಸನ್ ಹೊಳೆಯ ಪಕ್ಕದ ಒಂದು ತುಂಡು ಹುಲ್ಲುಗಾವಲು ಬಿಟ್ಟುಕೊಟ್ಟಿದ್ದ. ಭಾನುವಾರಗಳಲ್ಲಿ ಥೆಲ್ಮಾ ಹೋಗಿ ಅದರ ಬೇಲಿ ಸರಿಮಾಡುತ್ತಿದ್ದಳು. ಕೆಲಸ ಮುಗಿದ ಮೇಲೂ ಸುಮ್ಮನೆ ಗೇಟಿಗೆ ಒರಗಿ ಖಾಲಿ ಹುಲ್ಲುಗಾವಲನ್ನು ನೋಡುತ್ತ ನಿಲ್ಲುವಳು. ಡಡ್ಲಿ ಎಲ್ಲಿ ನೀರು ಕುಡಿಯುತ್ತಾನೆ, ಗಾಳಿಗೆ ಯಾವ ಮರದ ಮರೆಗೆ ನಿಲ್ಲುತ್ತಾನೆ ಎಂದು ಯೋಚಿಸುವಳು. ಅಷ್ಟು ಸುಖವನ್ನು ಅವಳು ಬೇರೆಲ್ಲೂ ಕಂಡಿರಲಿಲ್ಲ.

ಡಡ್ಲಿಯ ಒಡೆಯರು ಪಬ್ಬಿನ ನಾಲ್ವರು ಗೆಳೆಯರು. ಅವರ ಮುಖಂಡ ನಾರಿಸ್, ಕಲ್ಲಿದ್ದಲ ವ್ಯಾಪಾರಿ. ಜನವರಿಯಲ್ಲಿ ಅವನು ಲಾಯಕ್ಕೆ ಬಂದು, ಬಿಡುವ ಮುಂಚೆ ಇನ್ನೊಂದು ಗೆಲುವು ಬೇಕೇ ಬೇಕು ಎಂದು ಪಟ್ಟು ಹಿಡಿದ. ಡಡ್ಲಿ ಈಗ ಸುಲಭವಾಗಿ ಗೆಲ್ಲಬಲ್ಲ ಓಟ ಒಂದೇ ಬಗೆಯದು. ಅದಕ್ಕೊಂದು ಕರಾರಿದೆ: ಓಟ ಮುಗಿದ ಕೂಡಲೇ ಬೇರೆ ಯಾವ ತರಬೇತುದಾರನಾದರೂ ಚೀಟಿ ಹಾಕಿ, ಮೊದಲೇ ಗೊತ್ತುಪಡಿಸಿದ ಬೆಲೆಗೆ ಕುದುರೆಯನ್ನು ಎತ್ತಿಕೊಂಡು ಹೋಗಬಹುದು. ಕೊಡುವುದಿಲ್ಲ ಎನ್ನುವ ಹಾಗಿಲ್ಲ. ಇದನ್ನು ಕೇಳಿ ಥೆಲ್ಮಾಳ ಮುಖ ಸಣ್ಣಗಾಯಿತು.

"ಹತ್ತು ವರ್ಷದ ಮುದುಕನ್ನ ಯಾರು ಎತ್ಕೊಂಡು ಹೋಗ್ತಾರೆ ಮಾರಾಯ್ತಿ?" ಎಂದ ನಾರಿಸ್. "ನೀನೂ ಇಷ್ಟು ವರ್ಷದಿಂದ ಇಲ್ಲೇ ಇದೀಯ. ನಿನ್ನನ್ನ ಯಾರಾದ್ರೂ ಎತ್ಕೊಂಡು ಹೋದ್ರಾ?"

"ನನ್ನನ್ನ ಎತ್ತೋಕೆ ಸೊಂಟದಲ್ಲಿ ಬಲ ಬೇಕಪ್ಪ. ನೀನು ಇದ್ದಲ ಮೂಟೆಗೂ ಆಳಿಟ್ಕೊಂಡಿರೋನು" ಎಂದಳು ಥೆಲ್ಮಾ.

ಅವನು ಹೋದ ಮೇಲೆ ಧಣಿ ಅವಳ ಪಕ್ಕಕ್ಕೆ ಬಂದು ದನಿ ತಗ್ಗಿಸಿದ. "ಹೆದರ್ಕೋಬೇಡ. ಮುಂಗಾಲು ಎರಡಕ್ಕೂ ಪಟ್ಟಿ ಸುತ್ತು. ಜಡೆ ಗಿಡೆ ಏನೂ ಬೇಡ, ಕೂದಲು ಕೆದರಿಕೊಂಡೇ ಇರ್ಲಿ. ನೋಡಿದವರು ಕಾಲು ಹೋಗಿದೆ ಅಂದ್ಕೊಂಡು ಮುಂದಕ್ಕೆ ಹೋಗ್ತಾರೆ."

"ಗೊತ್ತು ಧಣಿ. ನಾನೇನು ನಿನ್ನೆ ಬಂದವಳಾ?"

ನಿಜ, ಅದು ಅವಳಿಗೆ ಗೊತ್ತಿದ್ದ ಹಳೆಯ ಉಪಾಯ. ಓಟಕ್ಕೆ ನ್ಯೂಕ್ಯಾಸಲ್ಲಿಗೆ ಹೋದ ದಿನ ಹೇಳಿದಂತೆಯೇ ಮಾಡಿದಳು. ಪಟ್ಟಿ ಸುತ್ತಿದಳು, ಕುತ್ತಿಗೆಯ ಕೂದಲಿಗೆ ಬಾಚಣಿಗೆಯನ್ನೂ ಸೋಕಿಸಲಿಲ್ಲ. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ಮದುವೆ ಗಂಡಿಗೆ ಹರಕಲು ಅಂಗಿ ತೊಡಿಸಿ ನಿಲ್ಲಿಸಿದ ಹಾಗಿತ್ತು. ಇದೇ ಅವನ ಕಡೆಯ ಓಟ. ಇಷ್ಟು ವರ್ಷ ತನ್ನ ಕೈಯಿಂದ ಯಾವ ಕುದುರೆಯೂ ಈ ಅವತಾರದಲ್ಲಿ ಹೊರಗೆ ಹೋಗಿರಲಿಲ್ಲ. ಹೋಗಿಹೋಗಿ ಡಡ್ಲಿ ಹೀಗೆ ಹೋಗಬೇಕೇ?

ಜಡೆ ಹೆಣೆದರೆ ಏನಾದೀತು, ಪಟ್ಟಿ ಇದೆಯಲ್ಲ ಎಂದುಕೊಂಡಳು. ಹೆಣೆಯತೊಡಗಿದಳು. ಕುತ್ತಿಗೆಯುದ್ದಕ್ಕೂ ಪುಟ್ಟ ಪುಟ್ಟ ಗಂಟುಗಳು, ಒಂದೇ ಅಳತೆ. ಡಡ್ಲಿ ಕಣ್ಣು ಅರ್ಧ ಮುಚ್ಚಿ ನಿಂತ. ಜಡೆ ಮುಗಿದ ಮೇಲೆ ಮೈ ಮಂಕಾಗಿ ಕಂಡಿತು, ಉಜ್ಜಿದಳು. ಮೈ ಹೊಳೆದ ಮೇಲೆ ಪಟ್ಟಿಗಳು ಕಣ್ಣಿಗೆ ಚುಚ್ಚಿದವು. ಒಂದನ್ನು ಬಿಚ್ಚಿದಳು. ಒಂದೇ ಕಾಲಿಗೆ ಪಟ್ಟಿ ಇದ್ದರೆ ನಗೆಪಾಟಲು ಎಂದು ಇನ್ನೊಂದನ್ನೂ ಬಿಚ್ಚಿದಳು. ಬುದ್ಧಿ ಇಲ್ಲದವಳೇನಲ್ಲ ಥೆಲ್ಮಾ. ಆದರೆ ಆ ಹೊತ್ತಿಗೆ ಅವಳ ಬುದ್ಧಿಯೆಲ್ಲ ಬೆರಳಿಗೆ ಇಳಿದಿತ್ತು.

ಕುದುರೆಗಳನ್ನು ಸುತ್ತು ಹಾಕಿಸುವ ಅಂಗಳದಲ್ಲಿ ಧಣಿ ಡಡ್ಲಿಯ ಕಾಲು ನೋಡಿ ನಿಂತುಬಿಟ್ಟ.

"ಪಟ್ಟಿ ಎಲ್ಲಿ?"

"ಬಿಚ್ಚಿದೆ."

"ತಲೆ ಕೆಟ್ಟಿದ್ಯಾ ನಿನಗೆ?"

ಅಷ್ಟರಲ್ಲಿ ಜಾಕಿ ಬಂದ, ನಾರಿಸ್ ಬಂದ, ಅವರ ಬೆನ್ನಿಗೇ ಮೈದಾನದವರು ಬಂದು ಎಲ್ಲಕ್ಕಿಂತ ಚೆನ್ನಾಗಿ ಸಿಂಗರಿಸಿದ ಕುದುರೆಗೆ ಕೊಡುವ ಬಹುಮಾನ ಥೆಲ್ಮಾಳದ್ದು ಎಂದರು. ಅವಳಿಗೆ ಹೆಮ್ಮೆಯಾಯಿತು. ಗೆದ್ದರೆ ಇವನ ಮೇಲೆ ಇನ್ನಷ್ಟು ಕಣ್ಣು ಬೀಳುತ್ತವೆ ಎಂಬುದೂ ಆಗಲೇ ಹೊಳೆಯಿತು.

ಓಟ ಶುರುವಾಗುವವರೆಗೂ, ದೇವರೇ, ಇವನು ನಾಲ್ಕನೆಯವನಾಗಿ ಬರಲಿ ಎಂದು ಕೇಳಿಕೊಳ್ಳುತ್ತಿದ್ದಳು. ದೀಪಗಳ ಕೆಳಗೆ ಕುದುರೆಗಳು ಒಂದೇ ರಾಶಿಯಾಗಿ ಬಂದವು. ರಾಶಿಯ ನಡುವಿನಿಂದ ಅಗಲ ಎದೆಯೊಂದು ನುಗ್ಗಿ ಹೊರಬಂದಿತು. ಆಗ ಕಟಾಂಜನ ಹಿಡಿದು, "ಬಾರೋ, ನನ್ನಪ್ಪ, ಬಾರೋ" ಎಂದು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದವಳು ಇದೇ ಥೆಲ್ಮಾ. ಡಡ್ಲಿ ಒಂದು ಕುತ್ತಿಗೆಯಷ್ಟು ಅಂತರದಲ್ಲಿ ಗೆದ್ದ. ಪಬ್ಬಿನ ನಾಲ್ವರೂ ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ಕುಣಿದರು.

ಕುಣಿತ ಮುಗಿಯುವ ಮೊದಲೇ ಧ್ವನಿವರ್ಧಕ ಹೇಳಿತು: ಗೆದ್ದ ಕುದುರೆಗೆ ಶ್ರಾಪ್‌ಶೈರಿನ ತರಬೇತುದಾರ ಪಾರ್ಜಿಟರ್ ಚೀಟಿ ಹಾಕಿದ್ದಾರೆ.

ಪಾರ್ಜಿಟರ್ ಒಳ್ಳೆಯ ಮನುಷ್ಯನೇ. ಅವನೇ ಬಂದು ಥೆಲ್ಮಾಳ ಕೈ ಕುಲುಕಿದ. "ನಾನು ಬೇರೆ ಕುದುರೆಗೆ ಅಂತ ಬಂದಿದ್ದೆ ಕಣಮ್ಮ. ಇವನು ಅಂಗಳಕ್ಕೆ ಬಂದ ನೋಡು, ಮನಸ್ಸು ಬದಲಾಯಿಸ್ದೆ. ಹತ್ತು ವರ್ಷ ಅಂತ ಯಾರು ಹೇಳ್ತಾರೆ? ಹೀಗೆ ನೋಡ್ಕೊಂಡಿರೋ ಪ್ರಾಣಿ ಇನ್ನೂ ಎರಡು ಮೂರು ಚಳಿಗಾಲ ಓಡುತ್ತೆ. ಎಲ್ಲಾ ನಿನ್ನ ಕೈಗುಣ." ಅವನು ಅದನ್ನು ಮೆಚ್ಚಿಗೆ ಎಂದೇ ಹೇಳಿದ. ಥೆಲ್ಮಾ ಮೆಚ್ಚಿಗೆ ಎಂದೇ ಕೇಳಿಸಿಕೊಂಡು, "ಸಂತೋಷ ಸಾರ್" ಎಂದಳು.

ಧಣಿ ಬೈಯುತ್ತಾನೆಂದು ಕಾದಳು. ಅವನು ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಲಾರಿ ಹತ್ರ ಇರ್ತೀನಿ, ನಿಧಾನವಾಗಿ ಬಾ" ಎಂದಷ್ಟೇ ಹೇಳಿ ಹೋದ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಡಡ್ಲಿಯನ್ನು ತೊಳೆಯುವ ಜಾಗದಲ್ಲಿ ಪಾರ್ಜಿಟರನ ಕಾಸದಾರ, ಅವನ ಕುದುರೆಗಳನ್ನು ನೋಡಿಕೊಳ್ಳುವವನು, ಕಾಯುತ್ತಿದ್ದ. ಡೆರ್ಮಟ್ ಎಂದು ಹೆಸರು, ನಲವತ್ತರ ಆಸುಪಾಸಿನ ಐರಿಷ್ ಮನುಷ್ಯ. ಥೆಲ್ಮಾ ಲಗಾಮು ಕಳಚಿ ಅವನು ತಂದ ಹಗ್ಗಕ್ಕೆ ಡಡ್ಲಿಯನ್ನು ಒಪ್ಪಿಸಿದಳು.

"ಕೊಡೆ ಕಂಡ್ರೆ ಆಗಲ್ಲ ಅವನಿಗೆ. ಜೀನಿನ ಹೊಟ್ಟೆಪಟ್ಟಿ ಒಂದೇ ಸಲಕ್ಕೆ ಬಿಗೀಬೇಡ, ಸ್ವಲ್ಪ ಸ್ವಲ್ಪವಾಗಿ ಬಿಗಿ. ಉಂಡ ಮೇಲೆ ಮಲಗ್ತಾನೆ, ಹುಷಾರಿಲ್ಲ ಅಂತ ಗಾಬರಿಯಾಗ್ಬೇಡ."

"ಸರಿ ಅಕ್ಕ. ಮಗೂ ಹಾಗೆ ನೋಡ್ಕೋತೀನಿ, ಯೋಚನೆ ಮಾಡ್ಬೇಡಿ."

"ಇನ್ನೊಂದು ಮಾತು. ಇವನು ಓಡೋದು ಸಾಕು ಅಂತ ನಿಮ್ಮೋರಿಗೆ ಅನ್ನಿಸಿದ ದಿನ ನನಗೊಂದು ಫೋನ್ ಮಾಡ್ತೀಯಾ? ಎಲ್ಲಿದ್ರೂ ಬಂದು ಕರ್ಕೊಂಡು ಹೋಗ್ತೀನಿ. ಜಾಗ ಮಾಡಿಟ್ಟಿದೀನಿ."

"ಮಾಡದೆ ಇರ್ತೀನಾ? ಬರೆದುಕೊಡಿ" ಎಂದು ಡೆರ್ಮಟ್ ಜೇಬು ತಡಕಿದ. ಕಾಗದ ಸಿಗಲಿಲ್ಲ. ಅಂಗೈ ಚಾಚಿದ. ಥೆಲ್ಮಾ ಅದರ ಮೇಲೆ ಪೆನ್ನಿನಿಂದ ಒಂದೊಂದೇ ಅಂಕೆ ತಿದ್ದಿ ತಿದ್ದಿ ಬರೆದಳು.

ಬರೆಯುವಾಗಲೇ ಅವಳಿಗೆ ಒಂದು ಮುಖ ಕಣ್ಣಿಗೆ ಕಟ್ಟಿತು. ಹಿಂದೊಮ್ಮೆ ಅವಳ ಧಣಿಯೂ ಹೀಗೇ ಚೀಟಿ ಹಾಕಿ ಒಂದು ಹೆಣ್ಣು ಕುದುರೆಯನ್ನು ತಂದಿದ್ದ. ಆವತ್ತು ಅದರ ಕಾಸದಾರ ಹೆಂಗಸು ಲಾರಿಯವರೆಗೂ ಓಡಿಬಂದು ಥೆಲ್ಮಾಳಿಗೆ ಫೋನ್ ನಂಬರ್ ಕೊಟ್ಟಿದ್ದಳು. ಖಂಡಿತ ಮಾಡುತ್ತೇನೆ ಎಂದು ಥೆಲ್ಮಾ ಮನಸಾರೆ ಹೇಳಿದ್ದಳು. ಆ ಕುದುರೆ ಈ ಲಾಯದಿಂದ ಇನ್ನೊಬ್ಬರಿಗೆ ಹೋಯಿತು, ಅವರಿಂದ ಮತ್ತೆಲ್ಲಿಗೋ. ಥೆಲ್ಮಾಳಿಗೆ ಫೋನಿನ ನೆನಪೇ ಆಗಿರಲಿಲ್ಲ.

ಡೆರ್ಮಟ್ ಅಂಗೈಯನ್ನೊಮ್ಮೆ ನೋಡಿಕೊಂಡು ತಲೆಯಾಡಿಸಿದ. ಡಡ್ಲಿಯ ಮೈಯಿಂದ ಹಬೆ ಏಳುತ್ತಿತ್ತು, ಬೆವರು ಆರಲು ಬಿಟ್ಟರೆ ಚಳಿ ಹಿಡಿಯುತ್ತದೆ. ಅವನು ತೋಳು ಮಡಚಿ, ಬಿಸಿನೀರಿನ ಬಕೆಟಿಗೆ ಎರಡೂ ಕೈ ಅದ್ದಿ, ಸ್ಪಂಜು ಹಿಂಡಿ ಕುದುರೆಯ ಬೆನ್ನು ತೊಳೆಯತೊಡಗಿದ.

ಅಂಗೈಯ ಅಂಕೆಗಳು ಅಳಿಸಿಹೋದವು, ಇನ್ನೊಂದು ಸಲ ಬರೆದುಕೊಡುತ್ತೇನೆ ಎನ್ನಲು ಥೆಲ್ಮಾ ಬಾಯಿ ತೆರೆದಳು. ಡೆರ್ಮಟ್ ಆಗಲೇ ಕಿವಿಯ ಹಿಂದೆ, ಜೀನಿನ ಗುರುತಿನ ಮೇಲೆ, ತೊಡೆಯ ಸಂದಿಯಲ್ಲಿ ಸ್ಪಂಜು ಆಡಿಸುತ್ತಿದ್ದ. ಎಲ್ಲಿಯೂ ಬೆವರು ಉಳಿಸುತ್ತಿರಲಿಲ್ಲ. ಅವಳಾಗಿದ್ದರೂ ಮೊದಲು ಅದನ್ನೇ ಮಾಡುತ್ತಿದ್ದಳು. ಡಡ್ಲಿ ಅವನ ಕೈಗೆ ಮೈ ಒರಗಿಸಿ ಕಣ್ಣು ಅರ್ಧ ಮುಚ್ಚಿದ. ಥೆಲ್ಮಾ ಬಾಯಿ ಮುಚ್ಚಿಕೊಂಡು ಲಾರಿಯ ಕಡೆ ನಡೆದಳು.